ಜೂನ್ 30ರ ಆಚೆಗೂ ಉಳಿಯುವ ಕೆಲಸ

(ಒಂದು ತಾಲೂಕು ಕೇಂದ್ರದ ಮಹಿಳಾ ಕ್ಲಬ್ಬಿನ ಪದಗ್ರಹಣದ ದಿನ ಆಡಿದ ಮಾತು ಇದು. ಬರೆದುಕೊಡಿ ಅಂತ ಕೆಲವರು ಕೇಳಿದ್ದರಿಂದ ಅಲ್ಲಲ್ಲಿ ತಿದ್ದಿ ಹಾಕಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ವೇದಿಕೆ ಮೇಲಿರುವ ಗಣ್ಯರ ಹೆಸರನ್ನು ಸ್ವಾಗತ ಮಾಡಿದವರು, ನಿರೂಪಣೆ ಮಾಡಿದವರು, ಪರಿಚಯ ಮಾಡಿದವರು ಎಲ್ಲರೂ ಹೇಳಿದ್ದಾರೆ. ನಾನೂ ಶುರು ಮಾಡಿದರೆ ಒಳಗೆ ಊಟ ತಣ್ಣಗಾಗುತ್ತದೆ. ಸೀದಾ ವಿಷಯಕ್ಕೆ ಬರ್ತೀನಿ.

ಇವತ್ತು ಹೊಸ ಅಧ್ಯಕ್ಷರ ಕೊರಳಿಗೆ ಕಾಲರ್, ಅಂದರೆ ಪದವಿಯ ಪಟ್ಟಿ, ಹಾಕಿದ್ದೀರಿ. ಮುಂದಿನ ಜೂನ್ 30ಕ್ಕೆ ಅದನ್ನು ಇಳಿಸುತ್ತೀರಿ, ಜುಲೈಯಲ್ಲಿ ಇನ್ನೊಬ್ಬರ ಕೊರಳು. ಒಬ್ಬರೇ ಕುರ್ಚಿ ಹಿಡಿದು ಕೂರಬಾರದು ಅನ್ನುವುದಕ್ಕೆ ಇದು ಒಳ್ಳೆಯ ಪದ್ಧತಿ, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಧ್ಯಕ್ಷರ ಜೊತೆಗೆ ಕೆಲಸವೂ ಇಳಿದು ಹೋಗುತ್ತದಲ್ಲ, ಅದು ನನ್ನ ತಕರಾರು. ರೋಟರಿ, ಲಯನ್ಸ್ ಥರದ ಸರ್ವಿಸ್ ಕ್ಲಬ್ಬುಗಳಲ್ಲಿ ಹೆಂಗಸರು ಪಡುವ ಕಷ್ಟದಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಹನ್ನೆರಡು ತಿಂಗಳ ಲೆಕ್ಕದಲ್ಲಿ ಪೋಲಾಗುತ್ತಿದೆ ಅಂತ ನನಗೆ ಅನಿಸಿದೆ. ಅದನ್ನೇ ಹೇಳೋಕೆ ಬಂದಿದ್ದೇನೆ.

ಅದಕ್ಕೆ ಮೊದಲು, ನಾವು ಇಲ್ಲಿಗೆ ಬಂದಿದ್ದು ಹೇಗೆ ಅನ್ನೋದನ್ನ ಸ್ವಲ್ಪ ನೋಡೋಣ. ಗೊತ್ತಿರುವವರು ಕ್ಷಮಿಸಿ.

ರೋಟರಿ ಹುಟ್ಟಿದ್ದು 1905ರಲ್ಲಿ, ಶಿಕಾಗೊದಲ್ಲಿ. ಲಯನ್ಸ್ 1917ರಲ್ಲಿ, ಅದೂ ಶಿಕಾಗೊದಲ್ಲೇ. ಎರಡೂ ಗಂಡಸರ ಕ್ಲಬ್ಬುಗಳು. ಹೆಂಗಸರು ಕೆಲಸಕ್ಕೆ ಇದ್ದರು, ಸದಸ್ಯರ ಪಟ್ಟಿಯಲ್ಲಿ ಇರಲಿಲ್ಲ. 1923ರ ನವೆಂಬರ್ 15ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ರೋಟರಿಯವರ ಹೆಂಡತಿಯರು 27 ಜನ ಒಂದು ಕಡೆ ಸೇರಿದರು. ಸೇರಿದ ಜಾಗ ಯಾವುದು ಗೊತ್ತಾ? ಟರ್ಕಿಶ್ ಬಾತ್, ಅಂದರೆ ಹಬೆ ಸ್ನಾನದ ಮನೆ! ಅವರ ಮುಂದಾಳು ಮಾರ್ಗರೆಟ್ ಗೋಲ್ಡಿಂಗ್. ನರ್ಸ್ ಆಗಿದ್ದವರು, ವ್ಯಾಪಾರವನ್ನೂ ಮಾಡಿದವರು. ಮುಂದಿನ ಜನವರಿ 10ರಂದು ಇನ್ನರ್ ವೀಲ್ ಅನ್ನುವ ಅವರದೇ ಕ್ಲಬ್ ಶುರುವಾಯಿತು. ಇವತ್ತಿಗೂ ಜನವರಿ 10 ಇನ್ನರ್ ವೀಲ್ ದಿನ. ನಮ್ಮ ದೇಶಕ್ಕೆ ಅದು ಬಂದಿದ್ದು 1955ರಲ್ಲಿ, ಅಹಮದಾಬಾದಿಗೆ.

ಹಾಗಂತ ಹೆಂಗಸರು ಸಂಘ ಕಟ್ಟೋದನ್ನ ಮ್ಯಾಂಚೆಸ್ಟರಿನಿಂದ ಕಲಿತರು ಅಂತ ಯಾರೂ ತಿಳಿಯಬೇಡಿ. ಬೆಂಗಳೂರಿನಲ್ಲಿ ಮಹಿಳಾ ಸೇವಾ ಸಮಾಜ ಹುಟ್ಟಿದ್ದು 1913ರಲ್ಲಿ, ಇನ್ನರ್ ವೀಲಿಗಿಂತ ಹನ್ನೊಂದು ವರ್ಷ ಮೊದಲು. ಹಳೇ ಮೈಸೂರು ಕಡೆ ಎಷ್ಟೋ ತಾಲೂಕುಗಳಲ್ಲಿ ಒಂದು ಮಹಿಳಾ ಸಮಾಜ ಇತ್ತು. ಒಂದು ಶಿಶುವಿಹಾರ, ಒಂದು ಹೊಲಿಗೆ ತರಗತಿ, ಹಿಂದಿ ಪರೀಕ್ಷೆಗೆ ಪಾಠ, ಸಂಜೆ ಭಜನೆ. 1953ರಲ್ಲಿ ದುರ್ಗಾಬಾಯಿ ದೇಶಮುಖ್ ಅಧ್ಯಕ್ಷರಾಗಿ ಕೇಂದ್ರ ಸಮಾಜ ಕಲ್ಯಾಣ ಮಂಡಳಿ ಬಂದ ಮೇಲೆ ಇಂಥ ಸಂಘಗಳಿಗೆ ಅನುದಾನವೂ ಸಿಗತೊಡಗಿತು. ಈಗ ಎಷ್ಟೋ ಊರುಗಳಲ್ಲಿ ಸಮಾಜದ ಕಟ್ಟಡ ನಾಮಕರಣ, ಸೀಮಂತಕ್ಕೆ ಬಾಡಿಗೆಗೆ ಹೋಗುತ್ತಿದೆ, ಅದು ಬೇರೆ ಮಾತು. ಆದರೆ ಒಂದು ಗಮನಿಸಿ. ಶಿಶುವಿಹಾರ ಜೂನ್ 30ಕ್ಕೆ ಮುಗಿಯಲ್ಲ. ನಾಳೆ ಬೆಳಿಗ್ಗೆ ಮಕ್ಕಳು ಬಂದು ಬಾಗಿಲಲ್ಲಿ ನಿಂತಿರುತ್ತವೆ, ಅಧ್ಯಕ್ಷೆ ಯಾರಾದರೂ ಸರಿ ಬೀಗ ತೆಗೀಲೇಬೇಕು.

ಇನ್ನು ಗಂಡಸರ ಕ್ಲಬ್ಬಿನ ಬಾಗಿಲು ತೆಗೆದ ಕತೆ. ಅಮೆರಿಕದ ಲಾಸ್ ಏಂಜಲಿಸ್ ಹತ್ತಿರ ಡುವಾರ್ಟೆ ಅಂತ ಒಂದು ಸಣ್ಣ ಊರು. ಅಲ್ಲಿಯ ರೋಟರಿಯಲ್ಲಿ ಸದಸ್ಯರು ಕಡಿಮೆಯಾಗುತ್ತಾ ಬಂದಿದ್ದರು. 1977ರಲ್ಲಿ ಮೂವರು ಹೆಂಗಸರನ್ನು ಸೇರಿಸಿಕೊಂಡರು. ಮರುವರ್ಷವೇ ರೋಟರಿ ಇಂಟರ್‌ನ್ಯಾಷನಲ್ ಆ ಕ್ಲಬ್ಬಿನ ಮಾನ್ಯತೆಯನ್ನು ಕಿತ್ತುಕೊಂಡಿತು. ಅವರು ಸುಮ್ನೆ ಕೂರಲಿಲ್ಲ. 'ಮಾಜಿ ರೋಟರಿ ಕ್ಲಬ್' ಅಂತ ಹೆಸರಿಟ್ಟುಕೊಂಡು ಸಭೆ ನಡೆಸುತ್ತಲೇ ಕೋರ್ಟಿಗೆ ಹೋದರು. 1987ರ ಮೇ 4ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷ ಲಯನ್ಸ್ ಕೂಡ ಹೆಂಗಸರಿಗೆ ಬಾಗಿಲು ತೆಗೆಯಿತು. 1989ರಲ್ಲಿ ರೋಟರಿ ತನ್ನ ನಿಯಮದಿಂದ 'ಪುರುಷ' ಅನ್ನುವುದನ್ನು ತೆಗೆದುಹಾಕಿತು. ಆಮೇಲೆ ಮೊದಲ ಮಹಿಳಾ ಅಂತರರಾಷ್ಟ್ರೀಯ ಅಧ್ಯಕ್ಷೆ ಬರೋದಕ್ಕೆ ಲಯನ್ಸಿಗೆ 2018ರವರೆಗೆ ಬೇಕಾಯಿತು, ಐಸ್‌ಲ್ಯಾಂಡಿನ ಗುಡ್ರುನ್ ಇಂಗ್ವಾಡೋಟಿರ್. ರೋಟರಿಗೆ 2022ರವರೆಗೆ, ಕೆನಡಾದ ಜೆನಿಫರ್ ಜೋನ್ಸ್.

ಇದರಲ್ಲಿ ನನಗೆ ಖುಷಿ ಕೊಟ್ಟ ಸಂಗತಿ ಬೇರೆಯೇ ಇದೆ. ನಿಯಮದಿಂದ 'ಪುರುಷ' ತೆಗೆಯಿರಿ ಅಂತ ರೋಟರಿಯ ಮುಂದೆ 1950ರಲ್ಲೇ ಪ್ರಸ್ತಾಪ ಇಟ್ಟಿದ್ದು ನಮ್ಮ ದೇಶದ ಒಂದು ಕ್ಲಬ್. 1964ರಲ್ಲಿ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಒಂದು ಕ್ಲಬ್ ಮತ್ತೆ ಕೇಳಿತು, ಆಗಲೂ ಆಗಲಿಲ್ಲ. ಈ ಕಡೆಯವರು ಕೇಳಿದಾಗ ಆಗದ್ದು ಅಮೆರಿಕದ ಕೋರ್ಟ್ ಹೇಳಿದಾಗ ಆಯಿತು. ಇರಲಿ ಬಿಡಿ.

ಅಂತೂ ಹೆಸರು ರಿಜಿಸ್ಟರಿಗೆ ಬಂತು. ಆದರೆ ನಮ್ಮ ಸಭೆಗಳನ್ನು ನೋಡಿ. ಗಂಡಸರೂ ಹೆಂಗಸರೂ ಇರುವ ಕ್ಲಬ್ಬುಗಳಲ್ಲಿ ಪ್ರಾರ್ಥನೆ ಹೆಂಗಸರದ್ದು, ಆರತಿ ತಟ್ಟೆ ಹೆಂಗಸರದ್ದು, ನಿರೂಪಣೆ, ವಂದನಾರ್ಪಣೆ ಹೆಂಗಸರದ್ದು. ಬಜೆಟ್ ಓದುವಾಗ, ಯಾವ ಪ್ರಾಜೆಕ್ಟ್ ಅಂತ ತೀರ್ಮಾನ ಮಾಡುವಾಗ ಮಾತ್ರ ಆ ದನಿಗಳು ಕೇಳಿಸಲ್ಲ. ಹೆಂಡತಿಯರಿಗೆ ಪ್ರತ್ಯೇಕವಾಗಿ 'ಆನ್ಸ್' ಅಂತ ಒಂದು ಗುಂಪು ಮಾಡಿ ರಂಗೋಲಿ ಸ್ಪರ್ಧೆ ವಹಿಸಿಕೊಡುವ ಕ್ಲಬ್ಬುಗಳು ಈಗಲೂ ಇವೆ. ರಂಗೋಲಿ ಬಗ್ಗೆ ನನಗೆ ಬೇಜಾರಿಲ್ಲ, ನಾನೂ ಹಾಕ್ತೀನಿ. ಆಸ್ಪತ್ರೆಗೆ ಡಯಾಲಿಸಿಸ್ ಮೆಷಿನ್ ಕೊಡುವ ಚರ್ಚೆಯಲ್ಲಿ ಇವರನ್ನೂ ಕೂರಿಸಿಕೊಳ್ಳಿ ಅನ್ನೋದಷ್ಟೇ ನನ್ನ ಮಾತು.

ನಿಮ್ಮದು ಹೆಂಗಸರದೇ ಕ್ಲಬ್. ನಿಮಗೆ ಆ ತೊಂದರೆ ಇಲ್ಲ. ಏನು ಮಾಡಬೇಕು ಅಂತ ನೀವೇ ತೀರ್ಮಾನ ಮಾಡಬಹುದು. ಹಾಗಾದರೆ ಏನನ್ನು ತೀರ್ಮಾನ ಮಾಡ್ತಾ ಇದ್ದೀರಿ?

ಒಂದು ಉದಾಹರಣೆ ತಗೊಳ್ಳಿ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆ. ನಮ್ಮ ದೇಶದ ಹೆಂಗಸರಲ್ಲಿ ಸ್ತನ ಕ್ಯಾನ್ಸರ್ ಬಿಟ್ಟರೆ ಹೆಚ್ಚಾಗಿ ಕಾಣುವುದು ಇದೇ ಕ್ಯಾನ್ಸರ್. ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನವರ ಸರ್ವಾವ್ಯಾಕ್ 2023ರಲ್ಲಿ ಬಂದ ಮೇಲೆ ಬೆಲೆಯೂ ಇಳಿಯಿತು, ಕ್ಲಬ್ಬುಗಳು ಉತ್ಸಾಹದಿಂದ ಶಿಬಿರ ಮಾಡಿದವು. ತುಂಬಾ ಒಳ್ಳೆಯ ಕೆಲಸ, ಅನುಮಾನವೇ ಇಲ್ಲ. 9ರಿಂದ 14 ವರ್ಷದ ಹುಡುಗಿಯರಿಗೆ ಎರಡು ಡೋಸ್, ನಡುವೆ ಆರು ತಿಂಗಳು ಅಂತರ ಅಂತ ಶಿಬಿರಗಳಲ್ಲಿ ಹೇಳುತ್ತಾರೆ. ಈಗ ಲೆಕ್ಕ ಹಾಕಿ. ಇನ್ನರ್ ವೀಲ್ ದಿನ ಅಂತ ಜನವರಿ 10ಕ್ಕೆ ಮೊದಲ ಡೋಸ್ ಹಾಕಿಸಿದಿರಿ. ಫ್ಲೆಕ್ಸ್, ಫೋಟೊ, ಪೇಪರಿನಲ್ಲಿ ಸುದ್ದಿ, ಎಲ್ಲ ಆಯಿತು. ಎರಡನೇ ಡೋಸ್ ಯಾವಾಗ? ಜುಲೈ 10. ಅಷ್ಟು ಹೊತ್ತಿಗೆ ಕಾಲರ್ ಬದಲಾಗಿದೆ, ಖಜಾಂಚಿ ಬದಲಾಗಿದ್ದಾರೆ, ಹೊಸ ಅಧ್ಯಕ್ಷರಿಗೆ ತಮ್ಮದೇ ಪ್ರಾಜೆಕ್ಟ್ ಬೇಕು. ಹಳೆಯವರು ಶುರು ಮಾಡಿದ್ದನ್ನು ಮುಗಿಸಿದರೆ ಅದು ಇವರ ಲೆಕ್ಕಕ್ಕೆ ಬರಲ್ಲ, ಪ್ರಶಸ್ತಿಯ ಅರ್ಜಿಯಲ್ಲಿ ಅದಕ್ಕೆ ಅಂಕವೂ ಕಡಿಮೆ. ಅತ್ತ ಹುಡುಗಿ ಏಳನೇ ಕ್ಲಾಸು ಮುಗಿಸಿ ಬೇರೆ ಶಾಲೆಗೆ ಹೋಗಿರುತ್ತಾಳೆ. ಯಾರು ಹುಡುಕುತ್ತಾರೆ ಅವಳನ್ನ?

ಒಂದು ಡೋಸೂ ಸಾಕಾಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿದೆ. ಅದು ಸಮಾಧಾನದ ಮಾತೇ. ಆದರೆ ತಾಯಿಗೆ ಎರಡು ಅಂತ ಹೇಳಿ ಕಾರ್ಡ್ ಕೊಟ್ಟ ಮೇಲೆ ನಾವು ಎರಡನೇದಕ್ಕೆ ಬರದೇ ಇರುವುದು ಸರಿಯಾ? ಬರಲ್ಲ ಅನ್ನೋದಾದರೆ ಜುಲೈನಲ್ಲೇ ಮೊದಲನೆಯದು ಹಾಕಿಸಿ, ಜನವರಿ 10ಕ್ಕೆ ಎರಡನೆಯದು ಬೀಳುತ್ತದೆ. ಇಷ್ಟು ಸುಲಭದ ವಿಷಯ. ಯಾರೂ ಯೋಚನೆ ಮಾಡಲ್ಲ, ಯಾಕಂದ್ರೆ ಜುಲೈ ಪೂರ್ತಿ ಪದಗ್ರಹಣದ ಊಟಕ್ಕೇ ಸರಿಹೋಗುತ್ತದೆ.

ಹೊಲಿಗೆ ಯಂತ್ರದ್ದೂ ಇದೇ ಪಾಡು. ಕೊಟ್ಟಿದ್ದಕ್ಕೆ ಫೋಟೊ ಇದೆ. ಬ್ಲೌಸ್ ಹೊಲಿಯೋಕೆ ಬರುತ್ತಾ, ಊರಲ್ಲಿ ಈಗಾಗಲೇ ಎಷ್ಟು ಜನ ಹೊಲಿಯುವವರಿದ್ದಾರೆ, ಸೀರೆಗೆ ಕುಚ್ಚು ಕಟ್ಟೋದು ಕಲಿಸಿದ್ದರೆ ಜಾಸ್ತಿ ದುಡ್ಡು ಬರ್ತಿತ್ತಾ, ಇದನ್ನು ಕೇಳಲು ಮತ್ತೆ ಆ ಮನೆಗೆ ಹೋಗಬೇಕು. ಹೋಗಲ್ಲ.

ಇನ್ನು ನನಗೆ ಚೆನ್ನಾಗಿ ಗೊತ್ತಿರುವ ವಿಷಯ. ನಾನು ಕೆಲಸ ಮಾಡಿದ್ದು ಲ್ಯಾಬ್ ಟೆಕ್ನಿಶಿಯನ್ ಆಗಿ. ರಕ್ತದಾನ ಶಿಬಿರ ಅಂದರೆ ನನಗೆ ಊರ ಹಬ್ಬವಿದ್ದ ಹಾಗೆ. ಅಲ್ಲಿ ಹೆಂಗಸರು ಎಲ್ಲಿರುತ್ತಾರೆ? ಹೆಸರು ಬರೆದುಕೊಳ್ಳುವ ಮೇಜಿನಲ್ಲಿ, ಜ್ಯೂಸು ಬಿಸ್ಕತ್ತು ಕೊಡುವ ಮೇಜಿನಲ್ಲಿ. ಮಂಚದ ಮೇಲೆ ಬಹಳ ಕಡಿಮೆ. ಧೈರ್ಯ ಇಲ್ಲ ಅಂತ ಗಂಡಸರು ತಮಾಷೆ ಮಾಡುತ್ತಾರೆ. ಸುಳ್ಳು. ಎಷ್ಟೋ ಜನ ಬಂದು ಬೆರಳು ಕೊಡುತ್ತಾರೆ. ಅಲ್ಲಿಂದ ವಾಪಸ್ ಕಳಿಸುತ್ತೇವೆ.

ಯಾಕೆ ಅಂತ ಹೇಳ್ತೀನಿ. ರಕ್ತ ಕೊಡಬೇಕಾದರೆ ತೂಕ ಕನಿಷ್ಠ 45 ಕಿಲೋ ಇರಬೇಕು, ಹಿಮೋಗ್ಲೋಬಿನ್ 12.5 ಗ್ರಾಂ ಇರಬೇಕು. ಗಂಡಿಗೂ ಅಷ್ಟೇ, ಹೆಣ್ಣಿಗೂ ಅಷ್ಟೇ. ಅದನ್ನು ನೋಡೋಕೆ ಬಹಳ ಕಾಲದಿಂದ ಮಾಡುತ್ತಾ ಬಂದ ಒಂದು ಸಲೀಸಾದ ಪರೀಕ್ಷೆ ಇದೆ. ನಿಮ್ಮ ತೋಟಗಳಲ್ಲಿ ಅಡಿಕೆಗೆ ಬೋರ್ಡೋ ಹೊಡೆಯೋಕೆ ಮೈಲುತುತ್ತ ತರ್ತೀರಲ್ಲ, ಅದನ್ನೇ ಸರಿಯಾದ ಅಳತೆಗೆ ನೀರಲ್ಲಿ ಕರಗಿಸಿಟ್ಟಿರುತ್ತೇವೆ. ಬೆರಳಿನ ಒಂದು ಹನಿ ರಕ್ತ ಅದರೊಳಗೆ ಬಿಡುವುದು. ಹನಿ ಮುಳುಗಿದರೆ ಪಾಸು, ತೇಲಿದರೆ ಫೇಲು. ಈಗ ಮೀಟರ್ ಬಂದಿದೆ, ಸಂಖ್ಯೆಯೇ ತೋರಿಸುತ್ತದೆ. ಹೆಂಗಸರು ಬಂದಾಗ ಆ ಹನಿ ತೇಲುವುದನ್ನು ನಾನು ನೋಡಿದಷ್ಟು ಸಲ ಬೇರೇನನ್ನೂ ನೋಡಿಲ್ಲ.

2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 47.8 ಶೇಕಡಾ ಜನರಿಗೆ ರಕ್ತಹೀನತೆ ಇತ್ತು. ದೇಶದ ಲೆಕ್ಕ ಇನ್ನೂ ಜಾಸ್ತಿ, 57. ಈ ಸಭೆಯಲ್ಲಿ ನೂರು ಜನ ಇದ್ದೀರಿ ಅಂದುಕೊಳ್ಳಿ. ಮಧ್ಯಾಹ್ನದ ಹೊತ್ತು ಸುಸ್ತು, ಮೆಟ್ಟಿಲು ಹತ್ತಿದರೆ ಏದುಸಿರು, 'ವಯಸ್ಸಾಯ್ತು ಬಿಡು' ಅಂತ ಸುಮ್ಮನಾಗಿರುವವರು ಎಷ್ಟು ಜನ ಇದ್ದೀರೋ!

ಹನಿ ತೇಲಿದ ಹೆಂಗಸಿಗೆ ಶಿಬಿರದಲ್ಲಿ ಏನು ಹೇಳುತ್ತೇವೆ? 'ಇವತ್ತು ಆಗಲ್ಲ, ಸೊಪ್ಪು ತರಕಾರಿ ತಿನ್ನಿ' ಅಂತ ಹೇಳಿ ಕಳಿಸುತ್ತೇವೆ. ಅಷ್ಟೇ. ಎಷ್ಟು ಯೂನಿಟ್ ಬಂತು ಅಂತ ಸಂಜೆ ಲೆಕ್ಕ ಕೊಡುತ್ತೇವೆ, ಎಷ್ಟು ಜನರನ್ನು ವಾಪಸ್ ಕಳಿಸಿದೆವು ಅಂತ ಲೆಕ್ಕ ಯಾರಿಗೂ ಬೇಡ. ನನ್ನ ಪ್ರಕಾರ ಒಂದು ಮಹಿಳಾ ಕ್ಲಬ್ಬಿಗೆ ಆ ವಾಪಸ್ ಹೋದವರ ಪಟ್ಟಿಗಿಂತ ಒಳ್ಳೆಯ ಪ್ರಾಜೆಕ್ಟ್ ಇಲ್ಲ. ಒಪ್ಪಿಗೆ ಕೇಳಿ ಹೆಸರು, ಫೋನ್ ನಂಬರ್ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಅವರ ರಕ್ತದ ಲೆಕ್ಕ ಊರಿಗೆಲ್ಲ ಯಾಕೆ? ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಬ್ಬಿಣದ ಮಾತ್ರೆ ಪುಕ್ಕಟೆ ಸಿಗುತ್ತದೆ. ಡಾಕ್ಟರಿಗೆ ತೋರಿಸಿ, ಕಾರಣ ಏನು ಅಂತ ಕೇಳಿ. ಹೊಟ್ಟೆ ಹುಳ ಇರಬಹುದು, ಮುಟ್ಟಿನಲ್ಲಿ ವಿಪರೀತ ಸ್ರಾವ ಇರಬಹುದು. ಎಷ್ಟೋ ಜನ ಅದನ್ನು ಕಾಯಿಲೆ ಅಂತಲೇ ಅಂದುಕೊಂಡಿರಲ್ಲ.

ಮಾತ್ರೆ ಸಿಕ್ಕಿದ ಮೇಲೂ ಕೆಲಸ ಇದೆ, ನಿಜವಾದ ಕೆಲಸ ಇರುವುದೇ ಅಲ್ಲಿ. ಮಾತ್ರೆ ತಗೊಂಡ ಎರಡನೇ ದಿನ ಹೊಟ್ಟೆ ತೊಳಸುತ್ತದೆ, ಮಲ ಕಪ್ಪಗಾಗುತ್ತದೆ, ಹೆದರಿ ಬಿಟ್ಟುಬಿಡುತ್ತಾರೆ. ಬಿಡದೇ ಇರುವವರು ಮಾತ್ರೆ ನುಂಗಿ ಅದರ ಮೇಲೆ ಒಂದು ಲೋಟ ಕಾಫಿ ಕುಡಿಯುತ್ತಾರೆ. ಕಾಫಿ, ಟೀ ಕಬ್ಬಿಣ ಮೈಗೆ ಹತ್ತದ ಹಾಗೆ ಮಾಡುತ್ತವೆ. ಮಲೆನಾಡಿನಲ್ಲಿ ನಿಂತು ಕಾಫಿ ಬಿಡಿ ಅಂದರೆ ನನ್ನನ್ನು ಓಡಿಸುತ್ತೀರಿ, ಅದಕ್ಕೆ ಬಿಡಿ ಅನ್ನಲ್ಲ, ಒಂದೆರಡು ಗಂಟೆ ಅಂತರ ಇಡಿ ಅನ್ನುತ್ತೇನೆ. ನಿಂಬೆಹಣ್ಣೋ ನೆಲ್ಲಿಕಾಯೋ ಜೊತೆಗಿದ್ದರೆ ಒಳ್ಳೆಯದು. ಕ್ಯಾಲ್ಸಿಯಂ ಮಾತ್ರೆ ಜೊತೆಗೆ ನುಂಗಬೇಡಿ, ಅದು ಬೇರೆ ಹೊತ್ತಿಗೆ. ಇದನ್ನು ಹೇಳೋಕೆ ಡಾಕ್ಟರಿಗೆ ಪುರುಸೊತ್ತಿಲ್ಲ. ನಿಮ್ಮಲ್ಲಿ ಒಬ್ಬರು ವಾರಕ್ಕೊಮ್ಮೆ ಫೋನ್ ಮಾಡಿ 'ಏನಕ್ಕಾ, ಮಾತ್ರೆ ತಗೊಂಡ್ರಾ?' ಅಂತ ಕೇಳಿದರೆ ಸಾಕು. ಮೂರು ತಿಂಗಳಾದ ಮೇಲೆ ಮತ್ತೆ ಪರೀಕ್ಷೆ. ದುಡ್ಡು ಎಷ್ಟು ಬೇಕು ಇದಕ್ಕೆ? ಇವತ್ತಿನ ಶಾಲು, ಹಾರದ ಖರ್ಚಿನಲ್ಲಿ ಆಗುತ್ತದೆ. (ಇಲ್ಲಿ ಒಂದಷ್ಟು ಜನ ನಕ್ಕರು. ವೇದಿಕೆ ಮೇಲಿನವರು ನಗಲಿಲ್ಲ.)

ಫೋಟೊ ಸಿಗಲ್ಲ ಇದರಲ್ಲಿ, ಒಪ್ಪಿಕೊಳ್ತೀನಿ.

ಇನ್ನೊಂದು ಮಾತು, ಸ್ವಲ್ಪ ಖಾರ ಇದೆ. ನಮ್ಮ ಕ್ಲಬ್ಬುಗಳಿಗೆ ಯಾರು ಸೇರುತ್ತಾರೆ? ಡಾಕ್ಟರ ಮನೆಯವರು, ವಕೀಲರ ಮನೆಯವರು, ಅಂಗಡಿ ಮಾಲೀಕರ ಮನೆಯವರು, ನಿವೃತ್ತ ಟೀಚರುಗಳು. ಹೊಲಿಗೆ ಯಂತ್ರ ತಗೊಂಡು ಹೋದವಳು ಮುಂದಿನ ವರ್ಷ ಸದಸ್ಯೆಯಾಗಿ ಬಂದಿದ್ದನ್ನು ನಾನು ಕಂಡಿಲ್ಲ. ವಾರ್ಷಿಕ ಶುಲ್ಕ ಒಂದು ಕಡೆ, ಪದಗ್ರಹಣಕ್ಕೆ ಎಲ್ಲರೂ ಒಂದೇ ಬಣ್ಣದ ಸೀರೆ ಅನ್ನುವ ಖರ್ಚು ಇನ್ನೊಂದು ಕಡೆ. ಸಂಜೆ ನಾಲ್ಕಕ್ಕೆ ಮೀಟಿಂಗ್ ಇಟ್ಟರೆ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿ ಹೇಗೆ ಬರಬೇಕು? ಭಾನುವಾರ ಬೆಳಿಗ್ಗೆ ಇಡಿ, ಬಸ್ ಸ್ಟ್ಯಾಂಡ್ ಹತ್ತಿರ ಇಡಿ. 2023ರ ಜೂನಿನಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ, ಹಳ್ಳಿಯಿಂದ ಬರುವುದು ಮೊದಲಿನಷ್ಟು ಭಾರವಲ್ಲ. ಘಟ್ಟದ ಕೆಳಗಿನವರು ಮಾತ್ರ ಈ ಮಾತಿಗೆ ಮುಖ ಸಿಂಡರಿಸುತ್ತಾರೆ, ಅಲ್ಲಿ ಓಡಾಡುವುದು ಹೆಚ್ಚಾಗಿ ಖಾಸಗಿ ಬಸ್ಸುಗಳೇ!

ಲೆಕ್ಕ ಬರೆಯೋದರಲ್ಲಿ ನಾವು ಸ್ತ್ರೀಶಕ್ತಿ ಸಂಘದವರಿಂದ ಕಲಿಯುವುದು ಬೇಕಾದಷ್ಟಿದೆ. ವಾರ ವಾರ ಸೇರುತ್ತಾರೆ, ಯಾರು ಎಷ್ಟು ಕಟ್ಟಿದರು, ಯಾರಿಗೆ ಎಷ್ಟು ಸಾಲ ಹೋಯಿತು, ಎಲ್ಲ ಪುಸ್ತಕದಲ್ಲಿ ಇರುತ್ತದೆ, ಎಲ್ಲರ ಎದುರಿಗೆ ಓದುತ್ತಾರೆ. ನಾವು ವರ್ಷದ ಕೊನೆಗೆ ಒಂದು ಚೀಟಿ ಹಿಡಿದುಕೊಂಡು 'ಖರ್ಚು ವೆಚ್ಚ ಸರಿಹೋಗಿದೆ' ಅಂತೀವಿ.

ಹಾಗೇ, ಆರೋಗ್ಯದ ಕೆಲಸಕ್ಕೆ ಇಳಿಯುವ ಮೊದಲು ಆಶಾ ಕಾರ್ಯಕರ್ತೆಯನ್ನು ಮಾತಾಡಿಸಿ. ಯಾವ ಮನೆಯಲ್ಲಿ ಬಸುರಿ ಇದ್ದಾಳೆ, ಯಾರು ಮಾತ್ರೆ ಬಿಸಾಡಿದ್ದಾರೆ, ಯಾವ ಅತ್ತೆ ಲಸಿಕೆ ಬೇಡ ಅಂದಿದ್ದಾರೆ ಅನ್ನೋದು ಅವಳಿಗೆ ಗೊತ್ತು. ನಾವು ಕಾರಿನಲ್ಲಿ ಹೋಗಿ ಅವಳ ಕೆಲಸವನ್ನೇ ಒಂದು ದಿನ ಮಾಡಿ ಫೋಟೊ ತೆಗೆಸಿಕೊಂಡು ಬಂದರೆ ಅವಳಿಗೆ ಏನನಿಸಬೇಡ? ಗೌರವಧನ ಹೆಚ್ಚಿಸಿ ಅಂತ 2025ರ ಜನವರಿಯಲ್ಲಿ ರಾಜ್ಯದ ಆಶಾಗಳು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಆ ಚಳಿಯಲ್ಲಿ ಹಗಲು ರಾತ್ರಿ ಕೂತಿದ್ದರು. ನಮ್ಮದು ಬಿಡುವಿನ ವೇಳೆಯ ಸೇವೆ, ಅವರದು ಹೊಟ್ಟೆಪಾಡು. ನಾವು ಪುಕ್ಕಟೆ ಮಾಡ್ತೀವಿ ಅನ್ನೋದು ಅವರಿಗೆ ಕಡಿಮೆ ಕೊಡೋದಕ್ಕೆ ನೆಪ ಆಗಬಾರದು. ಅವರ ಬೇಡಿಕೆಯ ಪತ್ರಕ್ಕೆ ನಿಮ್ಮ ಕ್ಲಬ್ಬಿನ ಲೆಟರ್‌ಹೆಡ್ಡಿನಲ್ಲಿ ಒಂದು ಬೆಂಬಲದ ಪತ್ರ ಬರೆದರೆ ಅದೂ ಒಂದು ಪ್ರಾಜೆಕ್ಟೇ.

ಪೋಲಿಯೊ ಹೋಗಿದ್ದೂ ಹೀಗೇ, ಮತ್ತೆ ಮತ್ತೆ ಅದೇ ಮನೆಗೆ ಹೋಗಿ. ರೋಟರಿ 1985ರಲ್ಲಿ ಕೈಗೆತ್ತಿಕೊಂಡ ಕೆಲಸ. ನಮ್ಮ ದೇಶದ ಕೊನೆಯ ಪ್ರಕರಣ 2011ರ ಜನವರಿ 13ರದ್ದು, ಹೌರಾದ ಒಂದು ಮಗು. 26 ವರ್ಷದಲ್ಲಿ ಎಷ್ಟು ಅಧ್ಯಕ್ಷರು ಬದಲಾದರು ಎಣಿಸಿ. ಕೆಲಸ ಬದಲಾಗಲಿಲ್ಲ. ಅಂದರೆ ದೊಡ್ಡ ಸಂಸ್ಥೆಗೆ ಇದು ಗೊತ್ತಿಲ್ಲದ್ದೇನಲ್ಲ, ಊರಿನ ಕ್ಲಬ್ಬಿಗೆ ಬರುವ ಹೊತ್ತಿಗೆ ಮರೆತುಹೋಗಿರುತ್ತದೆ.

ಆಮೇಲೆ ಪ್ರಶ್ನೆಗಳು ಬಂದವು.

ಒಬ್ಬರು ಎದ್ದು ನಿಂತು ಕೇಳಿದರು: 'ಮೇಡಂ, ಹೊಸ ಅಧ್ಯಕ್ಷೆಗೆ ತನ್ನದು ಅಂತ ಒಂದು ಕೆಲಸ ಬೇಡ್ವಾ? ಹಳೆಯವರದ್ದೇ ಮುಂದುವರಿಸುತ್ತಾ ಕೂತರೆ ಉತ್ಸಾಹ ಹೇಗೆ ಬರುತ್ತೆ?' ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟು: ಪ್ರತಿ ಮುಂದುವರಿಯುವ ಕೆಲಸಕ್ಕೂ ಮೂರು ವರ್ಷ ಬದಲಾಗದ ಒಬ್ಬ ಜವಾಬ್ದಾರರನ್ನು ನೇಮಿಸಿ, ಅವರು ಪದಾಧಿಕಾರಿ ಆಗಿರಬೇಕಾಗಿಲ್ಲ. ನೋಟ್‌ಬುಕ್ ಅವರ ಹತ್ತಿರ ಇರಲಿ. ಜೂನ್ ಸಭೆಯಲ್ಲೇ ಮುಂದಿನ ವರ್ಷದ ದುಡ್ಡಿನಲ್ಲಿ ಒಂದು ಪಾಲು ಅದಕ್ಕೆ ಅಂತ ಠರಾವು ಮಾಡಿ. ಉಳಿದ ದುಡ್ಡಿನಲ್ಲಿ ಅಧ್ಯಕ್ಷೆ ತನಗೆ ಇಷ್ಟವಾದ ಹೊಸ ಕೆಲಸ ಮಾಡಲಿ, ಯಾರು ಬೇಡ ಅಂತಾರೆ?

ಇನ್ನೊಬ್ಬರು, ಚಿಕ್ಕ ವಯಸ್ಸಿನವರು, ಕೇಳಿದ್ದು ಬೇರೆ. 'ನಮ್ಮೆಜಮಾನ್ರ ಕ್ಲಬ್ಬಿನಲ್ಲಿ ಈಗ ಹೆಂಗಸರನ್ನೂ ತಗೋತಾರೆ. ಅಲ್ಲಿಗೆ ಸೇರಲಾ, ಇಲ್ಲೇ ಇರಲಾ?' ಎರಡಕ್ಕೂ ಸೇರಬಹುದಮ್ಮಾ, ಪುರುಸೊತ್ತಿದ್ದರೆ. ಒಂದೇ ಆದರೆ ಎರಡೂ ಕಡೆ ಒಂದೊಂದು ಮೀಟಿಂಗಿಗೆ ಹೋಗಿ ಕೂತು ನೋಡಿ. ಚೆಕ್ಕಿಗೆ ಯಾರು ಸಹಿ ಹಾಕುತ್ತಾರೆ, ಹೆಂಗಸೊಬ್ಬರು ಹೇಳಿದ ಪ್ರಾಜೆಕ್ಟ್ ನಡಾವಳಿ ಪುಸ್ತಕಕ್ಕೆ ಹತ್ತುತ್ತಾ ಅಂತ ಗಮನಿಸಿ. ಹತ್ತುವ ಕಡೆ ಸೇರಿ.

ಹಿಮೋಗ್ಲೋಬಿನ್ ನೋಡಿಕೊಳ್ಳಬೇಕು ಅನ್ನುವವರಿಗೆ ಅಂತ ಮೀಟರ್ ತಂದಿದ್ದೆ. ಊಟದ ಹಾಲಿನ ಪಕ್ಕದ ರೂಮಿನಲ್ಲಿ ಕೂರುತ್ತೇನೆ, ಒಬ್ಬೊಬ್ಬರೇ ಬನ್ನಿ ಅಂತ ಹೇಳಿ ಮಾತು ಮುಗಿಸಿದೆ. ಸಾಲು ಉದ್ದ ಇತ್ತು, ಹೊಸ ಅಧ್ಯಕ್ಷರೂ ಬಂದರು.